ಕೆಸರಿನ ಮೇಲೆ ಹಾರಿದವನು

ಫೋಟೋದಲ್ಲಿ ಇರುವವನು ನಾನೇ ಎಂದು ನಾಲ್ಕನೆಯ ಸವಾರನೂ ಎದೆ ತಟ್ಟಿಕೊಂಡಾಗ ಕ್ಯಾಮೆರಾ ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಬೈಕ್ ಕ್ಲಬ್ಬಿನ ಶೆಡ್ಡಿನಲ್ಲಿ, ಎಣ್ಣೆ ಕಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಬೆಳಗ್ಗೆಯಿಂದ ಕೂತಿದ್ದಳು. ಪರದೆಯ ಮೇಲೆ ಒಂದೇ ಚಿತ್ರ. ಧೋ ಎಂದು ಸುರಿಯುವ ಮಳೆ, ದಿಬ್ಬದಿಂದ ಆಳೆತ್ತರ ಹಾರಿದ ಬೈಕು, ಅದರ ಮೇಲೆ ಹೆಲ್ಮೆಟ್ಟಿನಿಂದ ಬೂಟಿನವರೆಗೂ ಕೆಸರು ಮೆತ್ತಿಕೊಂಡ ಯಾರೋ ಪುಣ್ಯಾತ್ಮ. ನಂಬರೂ ಕಾಣದು, ಬಣ್ಣವೂ ಕಾಣದು.

ನಿನ್ನೆಯ ರೇಸಿನಲ್ಲಿ ಆಕೆ ಪಟ್ಟ ಪಾಡು ನಾಯಿಗೂ ಬೇಡ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ, ತಾನು ಮಾತ್ರ ನೆನೆದು ತೊಪ್ಪೆಯಾಗಿ, ಮೊಣಕಾಲುದ್ದ ರಾಡಿಯಲ್ಲಿ ನಿಂತು ಒಂಬೈನೂರು ಫೋಟೋ ತೆಗೆದಿದ್ದಳು. ಅದರಲ್ಲಿ ಎಂಟುನೂರ ತೊಂಬತ್ತೊಂಬತ್ತು ಬರೀ ಕೆಸರು. ಉಳಿದ ಈ ಒಂದನ್ನು ಪತ್ರಿಕೆಯ ಸಂಪಾದಕರು ಮುಖಪುಟಕ್ಕೆ ಹಾಕುತ್ತೇನೆ ಎಂದಿದ್ದರು. ಹದಿಮೂರು ವರ್ಷ ಹೆಣಗಾಡಿದ ಮೇಲೆ ಆಕೆಗೆ ಸಿಗಲಿದ್ದ ಮೊದಲ ಮುಖಪುಟ. ಆದರೆ ಸವಾರನ ಹೆಸರು ಸಂಜೆ ನಾಲ್ಕರೊಳಗೆ ಖಚಿತವಾಗಿ ಬೇಕು. ಇಲ್ಲದಿದ್ದರೆ ಹೋದ ವರ್ಷದ ಬಿಸಿಲಿನ ಫೋಟೋ ಹೋಗುತ್ತದೆ, ಅದೂ ಬೇರೆಯವರು ತೆಗೆದದ್ದು.

ಹೋಗಲಿ, ಫೋಟೋ ಹೇಗಿದೆ ಅಂತ ಒಬ್ಬನಾದರೂ ಬಾಯಿಬಿಟ್ಟನೇ? ಮೊದಲನೆಯವನು ಭುಜ ನೋಡಿ ತನ್ನದೇ ಎಂದ. ಎರಡನೆಯವನು, ಅಷ್ಟೆತ್ತರ ಹಾರುವ ಗಂಡು ಈ ಕ್ಲಬ್ಬಿನಲ್ಲಿ ತಾನೊಬ್ಬನೇ ಎಂದ. ಮೂರನೆಯವನು ಹೆಂಡತಿಗೆ ಫೋನ್ ಮಾಡಿ ಸುದ್ದಿ ಕೊಟ್ಟೇಬಿಟ್ಟ. ನಾಲ್ಕನೆಯವನಂತೂ ಕುರ್ಚಿ ಎಳೆದುಕೊಂಡು ಕೂತು, ತನ್ನ ಹೆಸರಿನಲ್ಲಿ ಎಲ್ಲಿ ಒತ್ತಕ್ಷರ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಬರೆಸತೊಡಗಿದ. ಆ ಕೆಸರು ಫೋಟೋಗಳಲ್ಲೇ ಹುಡುಕಿ, ಮೂತಿ ಅಡಿಯಾಗಿ ಗುಂಡಿಗೆ ಬಿದ್ದವನದೊಂದನ್ನು ತೋರಿಸಿದರೆ ಮಾತ್ರ ಅದು ಯಾರೋ ನಾಲ್ವರಿಗೂ ಗೊತ್ತಿಲ್ಲ, ಬೇರೆ ಕ್ಲಬ್ಬಿನವನಿರಬೇಕಂತೆ.

ಅಷ್ಟು ಹೊತ್ತೂ ಮೂಲೆಯಲ್ಲಿ ಬೈಕು ತೊಳೆಯುತ್ತಿದ್ದ ಕ್ಲಬ್ಬಿನ ಮೆಕ್ಯಾನಿಕ್, ತಲೆ ನರೆತ ಮನುಷ್ಯ, ಕೈ ಒರೆಸಿಕೊಳ್ಳುತ್ತಾ ಬಂದು ಪರದೆಗೆ ಬಗ್ಗಿದ.

"ಹ್ಯಾಂಡಲ್ ಮೇಲೆ ಈ ಕೆಸರಿನ ಮುದ್ದೆ ಇದೆಯಲ್ಲಕ್ಕ, ಅದು ಕನ್ನಡಿ," ಎಂದ. "ರೇಸ್ ಬೈಕಿಗೆ ಕನ್ನಡಿ ಎಲ್ಲಿಂದ ಬರಬೇಕು?"

ಮೂರನೆಯವನು ಹೆಂಡತಿಗೆ ಮತ್ತೆ ಫೋನ್ ಹಚ್ಚುತ್ತಾ ಮೆಲ್ಲಗೆ ಹೊರಗೆ ಜಾರಿದ. ಹಾಗಾದರೆ ಇದು ಯಾರ ಗಾಡಿ ಎಂದು ಅಕ್ಕ ಕೇಳಿದ್ದಕ್ಕೆ ಮೆಕ್ಯಾನಿಕ್ ಗೋಡೆಯ ಪಕ್ಕ ನಿಂತಿದ್ದ ತನ್ನ ಹಳೇ ಬೈಕಿನತ್ತ ಗದ್ದ ಎತ್ತಿ ತೋರಿಸಿದ. ಆಚೆ ತಿರುವಿನಲ್ಲಿ ಯಾರದ್ದೋ ಗಾಡಿ ಕೆಟ್ಟು ನಿಂತಿತ್ತಂತೆ, ಅದಕ್ಕೆ ಸ್ಪಾರ್ಕ್ ಪ್ಲಗ್ ಕೊಟ್ಟುಬರಲು ರೇಸಿನ ದಾರಿಗೇ ಅಡ್ಡ ಹಾಯ್ದು ಹೊರಟಿದ್ದನಂತೆ, ಮಳೆಯಲ್ಲಿ ದಿಬ್ಬ ಕಾಣಲೇ ಇಲ್ಲವಂತೆ.

ಗಂಟೆ ಮೂರೂ ಮುಕ್ಕಾಲು. ಅಕ್ಕ ಲಗುಬಗೆಯಿಂದ ಫೋನ್ ಎತ್ತಿಕೊಂಡಳು. ಸಂಪಾದಕರಿಗೆ ಮೆಕ್ಯಾನಿಕ್‌ನ ಹೆಸರು ಹೇಳಿ, ಕಥೆಯನ್ನೂ ಹೇಳಿದಳು. ಸಂಪಾದಕರು ಬಿದ್ದು ಬಿದ್ದು ನಕ್ಕರು, ಮುಖಪುಟ ಗ್ಯಾರಂಟಿ ಎಂದರು. ಅಂಥ ಮಳೆಯಲ್ಲೂ ಸರಿಯಾಗಿ ಆ ಗಳಿಗೆಯನ್ನೇ ಹಿಡಿದಿರಲ್ಲ, ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ ಎಂದರು. ಕೊನೆಗೆ, ಹಾರುವಾಗ ಆತನಿಗೆ ಏನನ್ನಿಸಿತು, ಒಂದು ಸಾಲು ಕೇಳಿ ಹೇಳಿ ಎಂದರು. ಅಕ್ಕ ಕೇಳಿದಳು.

"ಏನೂ ಗೊತ್ತಿಲ್ಲಕ್ಕ," ಎಂದ ಆತ. "ನಾನು ಕಣ್ಣು ಮುಚ್ಕೊಂಡಿದ್ದೆ."

ಅಕ್ಕ ಫೋನಿಗೆ ಅಂಗೈ ಅಡ್ಡ ಹಿಡಿದು, ಅವನ ಕಡೆ ಬಗ್ಗಿದಳು.

"ನಾನೂ ಅಷ್ಟೇ," ಎಂದಳು.