ಸುದ್ದಿ ಕೇಳುವ ಬೆಟ್ಟ

ಗುಲಾಬಿಯಕ್ಕ ಬಂಡೆಯ ಬಿರುಕಿನಿಂದೇಳುವ ಹಬೆಯ ಮೇಲೆ ಇಡ್ಲಿ ಹಿಟ್ಟು ತುಂಬಿದ ಕೇದಗೆ ಎಲೆಯ ಮೂಡೆಗಳನ್ನು ಬೇಯಲು ಇಡುತ್ತಿದ್ದಾಗಲೇ ಅವರ ಸರದಿ ಬಂತು. ಆ ದ್ವೀಪ ನೋಡಲು ಬಂದವರಲ್ಲಿ ದಿನಕ್ಕೊಬ್ಬರು ಜ್ವಾಲಾಮುಖಿಗೆ ಮನೆಯ ಸುದ್ದಿ ಹೇಳಬೇಕು. ಕೇಳುತ್ತಿರುವಷ್ಟು ಹೊತ್ತು ಅದು ಬೆಂಕಿ ಉಗುಳುವುದಿಲ್ಲ. ಸುದ್ದಿ ಅರ್ಧಕ್ಕೆ ನಿಂತರೆ ಮಾತ್ರ ಗುಡುಗುತ್ತದೆ, ಆಗ ದೋಣಿ ಬಿಡುವುದಿಲ್ಲ.

ಗುಲಾಬಿಯಕ್ಕ ಬೆಟ್ಟದ ಬಾಯಿಯಂಚಿನಲ್ಲಿ ಕುಳಿತು, ಅಮ್ಮನ ರುಬ್ಬುವ ಕಲ್ಲು ಯಾರಿಗೆಂದು ತಾನೂ ತಂಗಿ ಲೀಲಾವತಿಯೂ ಜಗಳವಾಡಿ ಮಾತು ಬಿಟ್ಟದ್ದನ್ನು ಹೇಳಿದರು.

“ಅಷ್ಟೇ ಮಾರಾಯ, ಮುಗೀತು.”

ಬೆಟ್ಟ ಗುಡುಗಿತು.

“ಆಮೇಲೆ ಎಂತಾಯ್ತು ಅಂತ ಕೇಳ್ತಾ ಉಂಟು,” ಎಂದಳು ಗೈಡ್ ವಾರಿಜಾ.

“ಎಂತಾಗ್ಲಿಕ್ಕುಂಟು? ಕಾಗದ ಬರ್ದೆ. ಅವಳೇ ಮೊದ್ಲು ಬರೀಲಿ ಅಂತ ಹಾಕ್ಲಿಲ್ಲ. ಚೀಲದಲ್ಲೇ ಉಂಟು.”

ಬೂದಿ ಹಾರಿ ಅವರ ಸೆರಗಿನ ಮೇಲೆ ಬಿತ್ತು.

“ನಿಮ್ಮ ಹಟಕ್ಕೆ ನಾವೆಲ್ಲ ಇಲ್ಲೇ ಮಲಗುವುದಾ ಅಕ್ಕಾ?” ಎಂದಳು ವಾರಿಜಾ.

“ಹಾಕಿದ ಮೇಲೂ ಅವಳು ಉತ್ತರ ಬರೀದಿದ್ರೆ?”

“ಅದು ಬೆಟ್ಟಕ್ಕೂ ಗೊತ್ತಿಲ್ಲ. ಅದಕ್ಕೇ ಕೇಳುವುದು.”

ಗುಲಾಬಿಯಕ್ಕ ಎದ್ದು, ದೋಣಿಕಟ್ಟೆಯ ಅಂಚೆಪೆಟ್ಟಿಗೆಯವರೆಗೆ ಇಳಿದು ಹೋದರು. ಮುದುರಿದ ಕಾಗದವನ್ನು ಸೆರಗಿನಿಂದ ಒರೆಸಿ, ಅರ್ಧ ತೂರಿಸಿ, ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು. ಬೆಟ್ಟ ಉಸಿರು ಬಿಗಿಹಿಡಿದಂತೆ ಸುಮ್ಮನಾಗಿತ್ತು.

ಅವರು ಬೆರಳು ಸಡಿಲಿಸಿದರು. ಕಾಗದ ಪೆಟ್ಟಿಗೆಯೊಳಗೆ ಬಿತ್ತು.