ಛತ್ರದ ಬಾಗಿಲ ಕರಡಿ

ಮದುವೆ ಛತ್ರದ ಬಾಗಿಲಲ್ಲಿ ಎರಡು ಗೊಂಬೆಗಳಿದ್ದವು. ಒಂದು, ಪನ್ನೀರು ಚಿಮುಕಿಸುವ ಕರೆಂಟಿನ ಹುಡುಗಿ. ಇನ್ನೊಂದು, ಮಕ್ಕಳಿಗೆ ಕೈಬೀಸುವ ದೊಡ್ಡ ಕರಡಿ. ಕರಡಿಯೊಳಗೆ ಮಾತ್ರ ಬೆಳಗಿನಿಂದ ಬೆವರುತ್ತ ಒಬ್ಬ ಮನುಷ್ಯ ನಿಂತಿದ್ದ. ಬಾಯಿ ಬಿಡಕೂಡದು ಎಂದು ಅವನಿಗೆ ತಾಕೀತಾಗಿತ್ತು. ಇಂಥ ಹೊತ್ತಿನಲ್ಲಿ, ತಾನು ಹುಟ್ಟಿದ್ದಾದರೂ ಯಾಕೆ ಎಂದು ಅವನು ಯೋಚಿಸುವುದಿತ್ತು. ಇವತ್ತು ಅದಕ್ಕೂ ತ್ರಾಣವಿರಲಿಲ್ಲ.

ಮುಹೂರ್ತ ಮುಗಿದು ಜನವೆಲ್ಲ ಊಟಕ್ಕೆ ನುಗ್ಗಿದಾಗ, ಮದುಮಗಳ ಅಜ್ಜಿ ಒಬ್ಬಳೇ ಹೊರಗೆ ಬಂದು ಕರಡಿಯ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಅದರ ದಪ್ಪ ಕೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು.

"ನೀನೇ ವಾಸಿ ಕಣೋ. ಕರೆಂಟು ಹೋದ್ರೆ ನಿಂತ್ಬಿಡ್ತೀಯ. ನಮ್ಮನೆಯವ್ರು ಹೋದ ದಿನವೇ ನನ್ನೊಳಗೂ ಎಲ್ಲಾ ನಿಂತೋಯ್ತು. ಮೊಮ್ಮಗಳ ಮದುವೇಲೂ ಆರತಿ ತಟ್ಟೆ ಮುಟ್ಟೋ ಹಾಗಿಲ್ಲ. ಆದ್ರೂ ಜರಿ ಸೀರೆ ಉಟ್ಕೊಂಡು ಬಂದೋರಿಗೆಲ್ಲ ನಗ್ತಾ ಕೂತಿರಬೇಕು. ಯಾತಕ್ಕೆ ಬದುಕಿದೀನೋ, ಆ ದೇವರಿಗೇ ಗೊತ್ತು."

ಕರಡಿಯ ಕೈ ಮೇಲೆ ಕಣ್ಣೀರು ಬಿತ್ತು. ಅವನಿಗೆ ತಡೆಯಲಾಗಲಿಲ್ಲ.

"ನಂಗೂ ಹಂಗೇ ಅನ್ಸುತ್ತೆ ಅಜ್ಜಿ," ಎಂದ ಮೆಲ್ಲಗೆ.

ಅಜ್ಜಿ ಬೆಚ್ಚಿ ಕೈಬಿಟ್ಟಳು. "ಅಯ್ಯೋ ಶಿವನೇ, ಒಳಗೆ ಮನುಷ್ಯ ಇದ್ದಾನಾ!"

"ಹೂಂ ಅಜ್ಜಿ. ಪರವಾಗಿಲ್ಲ, ಹೇಳಿ."

ಅವಳು ಸೆರಗಿನಿಂದ ಅವಸರವಾಗಿ ಮುಖ ಒರೆಸಿಕೊಂಡು, ಫೋಟೊಗೆ ನಿಂತವಳಂತೆ ನಕ್ಕಳು.

"ನಂಗೇನಪ್ಪ, ಚೆನ್ನಾಗಿದೀನಿ. ನಿಂದು ಊಟ ಆಯ್ತಾ?"