ಹದ

ಮಣ್ಣಿನ ಪರೀಕ್ಷಕ ಬಗ್ಗಿ ಚಿಟಿಕೆ ಕೆಸರು ತೆಗೆದು ನಾಲಿಗೆಗೆ ಹಚ್ಚಿಕೊಂಡ, ಚಪ್ಪರಿಸಿದ, ಉಗಿದ. "ಹದ," ಎಂದ. "ಇಲ್ಲೇ ನೆಡಿ." ಇಲಾಖೆಯಲ್ಲಿ ಎಲ್ಲರೂ ಅವನನ್ನು ನಾಲಿಗೆ ಸಾಹೇಬ್ರು ಎನ್ನುತ್ತಿದ್ದರು. ಉಪ್ಪಳೆಯುವ ಮೀಟರ್ ಜೀಪಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆದರೆ ತನ್ನ ಮರ್ಯಾದೆಗೆ ಕಡಿಮೆ ಎಂದು ಅವನ ಎಣಿಕೆ.

ನರ್ಸರಿಯವಳು ಸಸಿ ಇಳಿಸಿ ನೆಡತೊಡಗಿದಳು. ಉಪ್ಪುನೀರು ಕುಡಿದೇ ಬದುಕುವ ಗಿಡಗಳಿವು, ಆದರೂ ಕುಡಿಯುವುದಕ್ಕೆ ಒಂದು ಮಿತಿ ಬೇಡವೇ? ಅಳಿವೆಯ ಅಂಚಿನಲ್ಲಿ ಉಬ್ಬರ ದಿನವೂ ಬಂದು ತೊಳೆದುಕೊಂಡು ಹೋಗುತ್ತದೆ, ಅಲ್ಲಿನ ಉಪ್ಪು ಸಮುದ್ರದಷ್ಟೇ. ತುಸು ಮೇಲಿನ ತಗ್ಗಿಗೆ ನೀರು ಅಪರೂಪಕ್ಕೆ ನುಗ್ಗಿ ನಿಲ್ಲುತ್ತದೆ. ಬಿಸಿಲು ನೀರನ್ನು ಕುಡಿದು ಉಪ್ಪನ್ನು ಮಾತ್ರ ಬಿಡುತ್ತದೆ. ಆ ಚೌಳಿನಲ್ಲಿ ಎಂಥ ಗಟ್ಟಿ ಗಿಡವೂ ಕರಟಿಹೋಗುತ್ತದೆ. ಬೇರೆ ದಿನವಾಗಿದ್ದರೆ ನೆಲದ ಮೇಲಿನ ಬಿಳಿ ಪೊರೆ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು. ಹಿಂದಿನ ದಿನದ ಮಳೆಗೆ ಪೊರೆ ಕರಗಿ ಬಯಲೆಲ್ಲ ಒಂದೇ ಬಣ್ಣವಾಗಿತ್ತು. ಕಳೆದ ವರ್ಷದ ಸಸಿಗಳು ಪ್ರವಾಹದಲ್ಲಿ ಕೊಚ್ಚಿಹೋಗಿದ್ದವು. ಈ ಸಲದವೂ ಉಳಿಯದಿದ್ದರೆ ನರ್ಸರಿಗೆ ಬೀಗ ಎಂದು ಮೇಲಿನವರು ಅವಳಿಗೆ ಹೇಳಿಯಾಗಿತ್ತು.

ಮಧ್ಯಾಹ್ನ ಪರೀಕ್ಷಕನ ಹೆಂಡತಿ ಡಬ್ಬಿ ಹಿಡಿದು ಬಂದಳು. ಮನೆ ಅಲ್ಲೇ, ಒಡ್ಡಿನ ಆಚೆ.

"ಮಣ್ಣು ತಿಂದಿದ್ದು ಸಾಕು, ಊಟ ಮಾಡಿ," ಎಂದಳು.

ಅವನು ಒಂದು ತುತ್ತು ಬಾಯಿಗಿಟ್ಟ. "ಕಾಳು ಹದವಾಗಿ ಬಂದಿದೆ ಕಣೇ."

ಹೆಂಡತಿಯ ಮುಖ ಅರಳಿತು. "ಕೇಳಿದ್ಯೇನಮ್ಮಾ? ಮದುವೆಯಾದಾಗಿಂದ ನನ್ನ ಅಡುಗೆಗೆ ಹೆಸರಿಟ್ಟಿದ್ದೇ ಇಟ್ಟಿದ್ದು. ಮೊನ್ನೆ ಜ್ವರ ಬಂದು ಎದ್ದರು ನೋಡು, ಹೊಸ ಮನುಷ್ಯ! ದಿನಾ ಹೊಗಳ್ತಾರೆ. ನೀನೂ ಸ್ವಲ್ಪ ತಿನ್ನು ಬಾ."

ನರ್ಸರಿಯವಳು ತಿಂದಳು. ಅಗಿಯುವುದು ನಿಧಾನವಾಯಿತು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಉಪ್ಪು ಹಾಕಿದ್ದೀರಾ?"

ಹೆಂಡತಿ ಬೆರಳಿಂದ ನೆಕ್ಕಿ ನೋಡಿದಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಮರೆತೇಬಿಟ್ಟಿದ್ದೀನಿ." ನಗುನಗುತ್ತಲೇ ಗಂಡನ ಕಡೆ ತಿರುಗಿದಳು. "ನೀವಾದರೂ ಹೇಳಬಾರದಾ ರೀ?"

ಅವನು ತಲೆ ತಗ್ಗಿಸಿ ಅಗಿಯುತ್ತಲೇ ಇದ್ದ.

ನರ್ಸರಿಯವಳಿಗೆ ನಗು ಬರಲಿಲ್ಲ. ಆಗಲೇ ನೆಟ್ಟಿದ್ದ ಸಸಿಗಳನ್ನು ನೋಡಿದಳು, ಅವನ ಬಾಯಿ ನೋಡಿದಳು. ಎದ್ದು ಜೀಪಿನಿಂದ ಮೀಟರ್ ತಂದು ಕೆಸರಿಗೆ ಚುಚ್ಚಿದಳು. ಮುಳ್ಳು ಕೊನೆಯ ಗೆರೆಗೆ ಬಡಿದು ಅಲ್ಲೇ ನಿಂತಿತು.

"ಸಾರ್, ಇದು ಹದವಾ?"

"ಜ್ವರ ಬಿಟ್ಟ ಮೇಲೆ ನಾಲಿಗೆ ಮರಗಟ್ಟಿದೆ," ಎಂದ ಅವನು. "ಉಪ್ಪಿಲ್ಲ, ಹುಳಿಯಿಲ್ಲ, ಏನೂ ಇಲ್ಲ. ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ ಕಾದೆ. ಗೊತ್ತಾದರೆ ಆಫೀಸಿನಲ್ಲಿ ನನ್ನನ್ನ ಯಾರಮ್ಮಾ ಕೇಳ್ತಾರೆ?"

"ಅದಕ್ಕೆ ನನ್ನ ಗಿಡ ಸಾಯಬೇಕಿತ್ತಾ?" ಎಂದಳು ನರ್ಸರಿಯವಳು. ಸಸಿಗಳನ್ನು ಬುಡದ ಮಣ್ಣಿನ ಸಮೇತ ಕಿತ್ತು ಬುಟ್ಟಿಗೆ ಹಾಕಿಕೊಂಡು ಅಳಿವೆಯ ಅಂಚಿಗೆ ಇಳಿದಳು. ಅವನೂ ಊಟ ಬಿಟ್ಟು ಪ್ಯಾಂಟು ಮಡಚಿ ಕೀಳಲು ಕೂತ.

ಹೆಂಡತಿ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು.

"ಏನ್ರೀ, ಜ್ವರ ಬಿಟ್ಟ ದಿನ ಮೊದಲನೇ ತುತ್ತಿಗೇ ನಿಮ್ಮ ಕಣ್ಣಲ್ಲಿ ನೀರು ಬಂತಲ್ಲ. ಇಂಥ ಊಟ ಜನ್ಮದಲ್ಲೇ ಮಾಡಿಲ್ಲ ಅಂದ್ರಲ್ಲ?"

"ಏನೂ ಗೊತ್ತಾಗಲಿಲ್ಲ ಕಣೇ. ಹೆದರಿಕೆ ಆಗಿಹೋಯ್ತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ; ತೆಗೆದು ಮತ್ತೆ ಒತ್ತಿದಳು.

"ಅವತ್ತು ನಾನು ತವರಿಗೆ ಫೋನ್ ಮಾಡಿ ಹೇಳ್ಕೊಂಡಿದ್ದೆ ರೀ," ಎಂದಳು.